ಗಂಟುನೋವಿಗೆ ರಕ್ತ ಪರೀಕ್ಷೆ: ಹೊಳೆ ನೀರು ನೋಡಿ ಯಾರ ತೋಟದ ಮಣ್ಣು ಅಂತ ಹೇಳಬಹುದಾ?

ಕಳೆದ ಮಾರ್ಚಿನಲ್ಲಿ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ಇರುವ ನಮ್ಮ ದೊಡ್ಡಮ್ಮನ ಮನೆಯಿಂದ ಮೂರು ಪುಟದ ಲ್ಯಾಬ್ ರಿಪೋರ್ಟ್ ವಾಟ್ಸಾಪಿಗೆ ಬಂತು. ಬೆನ್ನಿಗೇ ಫೋನು. "ನೋಡು ಮಾರಾಯ, ಎರಡು ಕಡೆ ದಪ್ಪ ಅಕ್ಷರದಲ್ಲಿ ಹೊಡೆದಿದ್ದಾರೆ. ಕೈಬೆರಳೆಲ್ಲ ಸೊಟ್ಟ ಆಗ್ತದಲ್ಲ, ಆ ವಾತವಾ ನನಗೆ?"

ದೊಡ್ಡಮ್ಮನಿಗೆ 66 ವರ್ಷ. ಮದುವೆಯಾಗಿ ಬಂದಾಗಿನಿಂದ ಪ್ರತಿ ವರ್ಷ ಅಂಗಳದಲ್ಲಿ ಮಣೆ ಹಾಕಿಕೊಂಡು ಅಡಿಕೆ ಸುಲಿದವರು. ಮನೆ ಗುಡ್ಡದ ಮೇಲೆ, ತೋಟ ಕೆಳಗೆ, ನಡುವೆ ಕಡಿದು ಮಾಡಿದ ಮೆಟ್ಟಿಲು. ಎರಡು ವರ್ಷದಿಂದ ಬಲ ಮೊಣಕಾಲಿನ ಗಂಟು ಇಳಿಯುವಾಗ ಚುಚ್ಚುತ್ತದೆ, ಹತ್ತುವಾಗ ಪರವಾಗಿಲ್ಲ. ಇಷ್ಟರಲ್ಲಿ ಪೇಟೆಯ ಒಂದು ಲ್ಯಾಬಿನವರು ಊರಿಗೆ ಬಂದು ಕ್ಯಾಂಪ್ ಇಟ್ಟಿದ್ದರು. ಗಂಟುನೋವಿನ ಪ್ಯಾಕೇಜ್, 1,800 ರೂಪಾಯಿ. ಅದರ ಚೀಟಿ ಮಲಯಾಳದಲ್ಲಿ, ರಿಪೋರ್ಟ್ ಇಂಗ್ಲಿಷಿನಲ್ಲಿ, ರಕ್ತ ಕೊಟ್ಟವರಿಗೆ ಓದಲು ಬರುವುದು ಕನ್ನಡ. ಗಡಿಯಲ್ಲಿ ಬದುಕುವವರಿಗೆ ಇದೇನು ಹೊಸದಲ್ಲ. ಹಾಗಾಗಿ ಇಂಥ ಕಾಗದಗಳೆಲ್ಲ ಕೊನೆಗೆ ನನ್ನ ಹತ್ತಿರ ಬರುತ್ತವೆ, ಯಾಕೆಂದರೆ ನಾನು ಮಂಗಳೂರಿನ ಒಂದು ಲ್ಯಾಬಿನಲ್ಲಿ ಕೆಲಸ ಮಾಡುವವನು, ಡಾಕ್ಟರ್ ಅಲ್ಲ, ಟ್ಯೂಬು ತಿರುಗಿಸುವವನು.

ದಪ್ಪ ಅಕ್ಷರದಲ್ಲಿದ್ದದ್ದು ಎರಡು. ಆರ್‌ಎ ಫ್ಯಾಕ್ಟರ್ 26, ಅವರ ಮಿತಿ 20. ಇಎಸ್‌ಆರ್ 34, ಅವರ ಮಿತಿ 20. ಇಎಸ್‌ಆರ್ ಅಂದರೆ ಮೈಯಲ್ಲಿ ಉರಿಯೂತ ಇದೆಯಾ ಅಂತ ಸೂಚಿಸುವ ಪರೀಕ್ಷೆ.

ನೇರವಾಗಿ ಹೇಳುತ್ತೇನೆ. ಮೊಣಕಾಲಿನ ಸವೆತ ಇದೆಯೋ ಇಲ್ಲವೋ, ಇದ್ದರೆ ಎಷ್ಟಿದೆ ಅಂತ ಹೇಳುವ, ಡಾಕ್ಟರರು ದಿನನಿತ್ಯ ನಂಬಿ ಬರೆದುಕೊಡುವಂಥ ರಕ್ತ ಪರೀಕ್ಷೆ ಇವತ್ತಿಗೂ ಇಲ್ಲ. ಆಸ್ಟಿಯೋಆರ್ಥ್ರೈಟಿಸ್ ಅಂತ ಕರೆಯುವ ಈ ಕಾಯಿಲೆ 2020ರ ಲೆಕ್ಕದಲ್ಲಿ ಜಗತ್ತಿನಲ್ಲಿ ಸುಮಾರು 59.5 ಕೋಟಿ ಜನರಿಗಿತ್ತು. ನಮ್ಮ ದೇಶದ ಐದು ಕಡೆ ಮಾಡಿದ ಒಂದು ಸಮೀಕ್ಷೆ, 2016ರಲ್ಲಿ ಪ್ರಕಟವಾದದ್ದು, ಮೊಣಕಾಲಿನ ಸವೆತ ನೂರರಲ್ಲಿ 28.7 ಜನರಿಗೆ ಇದೆ ಅಂದಿತು. ಇಷ್ಟು ಜನಕ್ಕೆ ಇರುವ ಕಾಯಿಲೆಗೆ ಸಕ್ಕರೆ ಕಾಯಿಲೆಗೆ ಇರುವ ಹಾಗೆ ಒಂದು ಪರೀಕ್ಷೆ ಇಲ್ಲ ಅಂದರೆ ಜನ ನಂಬುವುದಿಲ್ಲ. ಆದ್ದರಿಂದಲೇ ಪ್ಯಾಕೇಜ್ ಮಾರಲು ಸುಲಭ.

ಹಾಗಾದರೆ ಆ ಪ್ಯಾಕೇಜಿನಲ್ಲಿ ಏನಿತ್ತು? ಇದ್ದದ್ದೆಲ್ಲ ಬೇರೆ ಕಾಯಿಲೆಗಳನ್ನು ಹುಡುಕುವ ಪರೀಕ್ಷೆಗಳು. ಆರ್‌ಎ ಫ್ಯಾಕ್ಟರ್ ಇರುವುದು ರುಮಟಾಯ್ಡ್ ಆರ್ಥ್ರೈಟಿಸ್‌ಗೆ, ಅಂದರೆ ದೊಡ್ಡಮ್ಮ ಹೆದರಿದ ಆ ಬೆರಳು ಸೊಟ್ಟ ಆಗುವ ಕಾಯಿಲೆಗೆ. ಆದರೆ ಏನೂ ಕಾಯಿಲೆ ಇಲ್ಲದವರಲ್ಲೂ ನೂರಕ್ಕೆ ಐದು ಜನರಲ್ಲಿ ಇದು ಪಾಸಿಟಿವ್ ಬರುತ್ತದೆ, ವಯಸ್ಸಾದಂತೆ ಇನ್ನೂ ಜಾಸ್ತಿ. ಮಿತಿಯಿಂದ ಸ್ವಲ್ಪ ಮೇಲಿದ್ದರೆ ಅದಕ್ಕೆ ಅಷ್ಟು ಬೆಲೆಯೂ ಇಲ್ಲ. ಇಎಸ್‌ಆರ್ ಕತೆ ಇನ್ನೂ ಮಜಾ. ಅದು ವಯಸ್ಸಿನ ಜೊತೆ ತಾನೇ ಏರುವ ಸಂಖ್ಯೆ. ಹೆಂಗಸರಿಗೆ ವಯಸ್ಸಿಗೆ ಹತ್ತು ಸೇರಿಸಿ ಎರಡರಿಂದ ಭಾಗಿಸಿ ಅಂತ ಒಂದು ಹಳೆಯ ಅಂದಾಜು ಇದೆ. 66ಕ್ಕೆ 10 ಸೇರಿಸಿದರೆ 76, ಅರ್ಧ ಮಾಡಿದರೆ 38. ದೊಡ್ಡಮ್ಮನದು 34. ಅಂದರೆ ಅವರ ವಯಸ್ಸಿಗೆ ಸರಿಯಾಗಿಯೇ ಇದೆ! ಆದರೆ ಲ್ಯಾಬಿನ ಕಂಪ್ಯೂಟರಿಗೆ 20ರ ಹುಡುಗಿಯೂ 66ರ ಅಜ್ಜಿಯೂ ಒಂದೇ, ಮಿತಿ ದಾಟಿತೋ, ದಪ್ಪ ಅಕ್ಷರ.

ಯೂರಿಕ್ ಆಸಿಡ್ ಗೌಟ್‌ಗೆ, ಅಂದರೆ ಗಂಟಿನಲ್ಲಿ ಅದರ ಹರಳು ಕೂತು ಊದಿ ನೋಯುವ ಕಾಯಿಲೆಗೆ. ಸಿಆರ್‌ಪಿ ಉರಿಯೂತಕ್ಕೆ, ಮತ್ತು ದಪ್ಪ ಇರುವವರಲ್ಲಿ ಅದು ಸುಮ್ನೆ ಸ್ವಲ್ಪ ಮೇಲಿರುತ್ತದೆ. ಈ ಪರೀಕ್ಷೆಗಳು ಕೆಟ್ಟವು ಅಂತ ನಾನು ಹೇಳುತ್ತಿಲ್ಲ. ಗಂಟು ಬಿಸಿಯಾಗಿ ಊದಿಕೊಂಡರೆ, ಎರಡೂ ಕೈಯ ಗಂಟುಗಳು ಬೆಳಿಗ್ಗೆ ಬಿಗಿದುಕೊಂಡರೆ, ಚಿಕೂನ್‌ಗುನ್ಯಾ ಬಂದು ಹೋಗಿ ತಿಂಗಳುಗಟ್ಟಲೆ ಗಂಟುನೋವು ಬಿಡದಿದ್ದರೆ ಇವೆಲ್ಲ ಬೇಕೇ ಬೇಕು. ಅವುಗಳ ಕೆಲಸ "ಇದು ಅದಲ್ಲ" ಅಂತ ಹೇಳುವುದು. "ಇದು ಸವೆತ" ಅಂತ ಹೇಳುವ ಶಕ್ತಿ ಅವಕ್ಕೆ ಇಲ್ಲ.

ದೊಡ್ಡಮ್ಮನನ್ನು ಮಂಗಳೂರಿನಲ್ಲಿ ಮೂಳೆ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಅವರು ರಿಪೋರ್ಟನ್ನು ಮೇಜಿನ ಬದಿಗೆ ಸರಿಸಿ ಕೇಳಿದ್ದು ಒಂದೇ ಪ್ರಶ್ನೆ. "ಬೆಳಿಗ್ಗೆ ಏಳುವಾಗ ಗಂಟು ಬಿಗಿ ಇರ್ತದಾ ಅಮ್ಮ? ಎಷ್ಟು ಹೊತ್ತು?"

"ಇರ್ತದೆ ಡಾಕ್ಟ್ರೇ. ಒಲೆ ಹೊತ್ತಿಸಿ ಕಾಫಿ ಕುಡಿಯುವಷ್ಟರಲ್ಲಿ ಬಿಡ್ತದೆ."

ಅಷ್ಟೇ. ಬ್ರಿಟನ್ನಿನ ನೈಸ್ ಸಂಸ್ಥೆ 2022ರಲ್ಲಿ ಡಾಕ್ಟರರಿಗೆ ಕೊಟ್ಟ ಮಾರ್ಗಸೂಚಿ ಇದನ್ನೇ ಹೇಳುತ್ತದೆ. ವಯಸ್ಸು 45 ದಾಟಿರಬೇಕು, ಓಡಾಡಿದಾಗ ಬರುವ ನೋವು ಇರಬೇಕು, ಬೆಳಗಿನ ಬಿಗಿತ ಇರಬಾರದು ಅಥವಾ ಅರ್ಧ ಗಂಟೆಗಿಂತ ಹೆಚ್ಚು ನಿಲ್ಲಬಾರದು. ಇಷ್ಟಿದ್ದರೆ ಎಕ್ಸ್‌ರೇ ಕೂಡ ಇಲ್ಲದೆ ಸವೆತ ಅಂತ ತೀರ್ಮಾನಿಸಬಹುದು. ದೊಡ್ಡಮ್ಮನ ಕಾಫಿ 1,800 ರೂಪಾಯಿಯ ರಿಪೋರ್ಟಿಗಿಂತ ಜಾಸ್ತಿ ಹೇಳಿತು. ಆಮೇಲೆ ಖಾತ್ರಿಗೆ ರುಮಟಾಯ್ಡ್‌ನ ಇನ್ನೊಂದು ಪರೀಕ್ಷೆ, ಆಂಟಿ ಸಿಸಿಪಿ ಅನ್ನುವುದು, ಮಾಡಿಸಿದೆವು. ನೆಗೆಟಿವ್ ಬಂತು.

ಹಾಗಾದರೆ ವಿಜ್ಞಾನಿಗಳು ಮೂವತ್ತು ವರ್ಷಕ್ಕೂ ಮಿಕ್ಕಿ ರಕ್ತದಲ್ಲಿ, ಮೂತ್ರದಲ್ಲಿ, ಗಂಟಿನ ನೀರಿನಲ್ಲಿ ಸವೆತದ ಗುರುತು ಹುಡುಕುತ್ತಾ ಕೂತಿರುವುದು ಯಾಕೆ? ಕಾಫಿ ಪ್ರಶ್ನೆ ಸಾಕಲ್ವಾ? ಸಾಲುವುದಿಲ್ಲ. ಯಾಕೆಂದರೆ ಕಾಫಿ ಪ್ರಶ್ನೆಗೆ ಉತ್ತರ ಕೊಡುವ ಹೊತ್ತಿಗೆ ಗಂಟು ಕೆಟ್ಟು ವರ್ಷಗಳಾಗಿರುತ್ತವೆ. ಕಾರ್ಟಿಲೇಜಿಗೆ, ಅಂದರೆ ಎಲುಬಿನ ತುದಿಗೆ ಮೆತ್ತಿಕೊಂಡಿರುವ ಆ ನುಣುಪಾದ ಪದರಕ್ಕೆ ನರ ಇಲ್ಲ, ರಕ್ತನಾಳವೂ ಇಲ್ಲ. ಅದು ಹಾಳಾಗುವಾಗ ಕೂಗುವುದಿಲ್ಲ. ಸುತ್ತಲಿನ ಎಲುಬು, ಪೊರೆ ಕೆಡಲು ಶುರುವಾದ ಮೇಲೆ ನೋವು. ಎಕ್ಸ್‌ರೇಯಲ್ಲಿ ಕಾರ್ಟಿಲೇಜ್ ಕಾಣಿಸುವುದೇ ಇಲ್ಲ, ಕಾಣಿಸುವುದು ಎರಡು ಎಲುಬಿನ ನಡುವಿನ ಸಂದು ಮತ್ತು ಅಂಚಿನಲ್ಲಿ ಬೆಳೆದ ಮುಳ್ಳು. 1957ರಲ್ಲಿ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಅನ್ನುವ ಇಬ್ಬರು ಮಾಡಿಟ್ಟ ಸೊನ್ನೆಯಿಂದ ನಾಲ್ಕರವರೆಗಿನ ಗ್ರೇಡನ್ನೇ ನಾವು ಇನ್ನೂ ಬಳಸುತ್ತಿದ್ದೇವೆ. ಅದರಲ್ಲಿ ಎರಡನೇ ಗ್ರೇಡಿಗೆ ಬಂದರೆ ಕಾಯಿಲೆ ಇದೆ ಅಂತ ಲೆಕ್ಕ. ಮತ್ತೆ ಎಕ್ಸ್‌ರೇಗೂ ನೋವಿಗೂ ತಾಳೆಯಾಗುವುದೂ ಇಲ್ಲ. ಮೂರನೇ ಗ್ರೇಡಿನ ಮೊಣಕಾಲಿಟ್ಟುಕೊಂಡು ಗುಡ್ಡ ಹತ್ತುವವರನ್ನೂ, ಒಂದನೇ ಗ್ರೇಡಿನಲ್ಲಿ ಕಣ್ಣೀರು ಹಾಕುವವರನ್ನೂ ನೀವೂ ನೋಡಿರುತ್ತೀರಿ.

ಇಲ್ಲಿ ಒಂದು ಮಾತು. ಕಾಸರಗೋಡಿನ ಆಸ್ಪತ್ರೆಗಳಲ್ಲಿ ಡಾಕ್ಟರರು ಮಲಯಾಳದಲ್ಲಿ 'ತೇಯ್ಮಾನಂ' ಅನ್ನುತ್ತಾರೆ. ಕನ್ನಡದವರೂ ಅದನ್ನೇ ಹಿಡಿದುಕೊಂಡು "ನನಗೆ ತೇಯ್ಮಾನ" ಅನ್ನುತ್ತಾರೆ. ಗಂಧ ತೇಯುತ್ತೇವಲ್ಲ, ಅದೇ ತೇಯುವುದು. ಕೇಳಲು ಚೆಂದದ ಶಬ್ದ, ಆದರೆ ದಾರಿ ತಪ್ಪಿಸುತ್ತದೆ. ಗಂಧದ ಕೊರಡಿಗೆ ಜೀವ ಇಲ್ಲ, ಕಲ್ಲಿಗೆ ಉಜ್ಜಿದಷ್ಟೂ ಸವೆಯುತ್ತದೆ, ಮುಗಿಯಿತು. ಮೊಣಕಾಲು ಹಾಗಲ್ಲ. ಅಲ್ಲಿ ಒಡೆಯುವ ಕೆಲಸವೂ ಕಟ್ಟುವ ಕೆಲಸವೂ ಒಟ್ಟಿಗೆ ನಡೆಯುತ್ತಿರುತ್ತದೆ. ಕಾರ್ಟಿಲೇಜಿನ ಜೀವಕೋಶಗಳೇ ಕತ್ತರಿಯಂಥ ಎಂಜೈಮುಗಳನ್ನು ಹೊರಬಿಟ್ಟು ತಮ್ಮ ಸುತ್ತಲಿನ ಜಾಲವನ್ನು ತುಂಡರಿಸುತ್ತವೆ, ಸುತ್ತಲಿನ ಪೊರೆ ಉರಿದು ಅದಕ್ಕೆ ತುಪ್ಪ ಸುರಿಯುತ್ತದೆ, ಅಡಿಯ ಎಲುಬು ತನ್ನ ಆಕಾರ ಬದಲಿಸುತ್ತದೆ. ಉಜ್ಜಾಟ ಮಾತ್ರ ಆಗಿದ್ದರೆ ರಕ್ತದಲ್ಲಿ ಹುಡುಕಲು ಹೆಚ್ಚೇನೂ ಇರುತ್ತಿರಲಿಲ್ಲ. ಇದು ಜೀವಂತ ಗಲಾಟೆ ಆದ್ದರಿಂದಲೇ ಅದರ ತುಣುಕುಗಳು ಹೊರಗೆ ಬೀಳುತ್ತವೆ. ಆ ತುಣುಕುಗಳೇ ಗುರುತು, ಬಯೋಮಾರ್ಕರ್.

ಅವುಗಳಲ್ಲಿ ಹೆಚ್ಚು ಮಾತಾಡುವುದು ಮೂರು ನಾಲ್ಕರ ಬಗ್ಗೆ. ಕಾರ್ಟಿಲೇಜಿನ ಹಗ್ಗ ಅಂದರೆ ಎರಡನೇ ಬಗೆಯ ಕೊಲಾಜೆನ್. ಅದು ತುಂಡಾದಾಗ ಅದರ ಬಾಲದ ಚೂರೊಂದು ರಕ್ತಕ್ಕೆ ಬಂದು ಮೂತ್ರದಲ್ಲಿ ಹೋಗುತ್ತದೆ. ಅದರ ಹೆಸರು ಸಿಟಿಎಕ್ಸ್-2, ಸಾಮಾನ್ಯವಾಗಿ ಅಳೆಯುವುದು ಮೂತ್ರದಲ್ಲಿ. ಹಗ್ಗದ ನಡುವೆ ನೀರು ಹಿಡಿದಿಟ್ಟುಕೊಂಡು ಸ್ಪಂಜಿನ ಹಾಗೆ ಒತ್ತಡ ತಡೆಯುವುದು ಅಗ್ರಿಕ್ಯಾನ್. ಅದನ್ನು ಕತ್ತರಿಸಿದಾಗ ಹುಟ್ಟುವ ಒಂದು ಚೂರಿಗೆ ಎಆರ್‌ಜಿಎಸ್ ಅಂತ ಹೆಸರು. ಇನ್ನೊಂದು ಕಾಂಪ್, ಹಗ್ಗಗಳನ್ನು ಕೂಡಿಸುವ ಒಂದು ಪ್ರೋಟೀನು. ಸ್ವೀಡನ್ನಿನ ಸಾಕ್ಸ್ನೆ ಮತ್ತು ಹೈನೆಗೋರ್ಡ್ ಅನ್ನುವವರು 1992ರಲ್ಲಿ ಇದನ್ನು ಗಂಟಿನ ನೀರಿನಲ್ಲೂ ರಕ್ತದಲ್ಲೂ ಅಳೆಯಬಹುದು ಅಂತ ತೋರಿಸಿದರು. ಆಮೇಲೆ ಹಯಲುರೋನಿಕ್ ಆಸಿಡ್, ಗಂಟಿನ ನೀರಿಗೆ ಲೋಳೆ ಗುಣ ಕೊಡುವುದು ಇದೇ. ಪೊರೆ ಉರಿಯುವಾಗ ಇದು ರಕ್ತದಲ್ಲಿ ಏರುತ್ತದೆ.

ಕೇಳಿದರೆ ಎಲ್ಲ ಸರಿ ಇದೆ, ಅಲ್ವಾ? ಈಗ ತೊಡಕು.

ಮಳೆಗಾಲದಲ್ಲಿ ಶಿರಿಯಾ ಹೊಳೆ ಕೆಂಪಗೆ ಹರಿಯುವುದನ್ನು ನೋಡಿದ್ದೀರಾ? ಸೇತುವೆ ಮೇಲೆ ನಿಂತು ಒಂದು ಲೋಟ ನೀರು ತೆಗೆದುಕೊಳ್ಳಿ. ಮಣ್ಣು ಇದೆ, ಸರಿ. ಎಲ್ಲೋ ಗುಡ್ಡ ಕೊಚ್ಚಿ ಹೋಗುತ್ತಿದೆ, ಅದೂ ಸರಿ. ಆದರೆ ಯಾರ ತೋಟದ್ದು? ಯಾವ ಬದಿಯ ಕಟ್ಟೆ ಒಡೆದದ್ದು? ಲೋಟದ ನೀರು ಅದನ್ನು ಹೇಳುವುದಿಲ್ಲ. ರಕ್ತವೂ ಹಾಗೆ. ದೊಡ್ಡಮ್ಮನ ಬಲ ಮೊಣಕಾಲಿನಿಂದ ಬಂದ ಚೂರು, ಎಡ ಮೊಣಕಾಲಿನದು, ಸೊಂಟದ್ದು, ಬೆನ್ನುಮೂಳೆಯ ಡಿಸ್ಕಿನದು, ಬೆರಳಿನ ಗಂಟಿನದು ಎಲ್ಲ ಒಂದೇ ಹೊಳೆಗೆ ಸೇರುತ್ತವೆ. ಅವರ ಬೆರಳ ತುದಿಯಲ್ಲೂ ಗಂಟು ಬೆಳೆದಿದೆ. ಹಾಗಾದರೆ ಏರಿದ ಸಂಖ್ಯೆ ಯಾವುದರದು?

ಅದಲ್ಲದೆ ಹೊಳೆಯ ನೀರು ಗಂಟೆಗೊಂದು ಬಣ್ಣ. ಅರ್ಧ ಗಂಟೆ ನಡೆದರೆ ಸಾಕು, ರಕ್ತದಲ್ಲಿ ಕಾಂಪ್ ಏರುತ್ತದೆ, ಅದೂ ಆರೋಗ್ಯವಾಗಿರುವವರಲ್ಲಿ. ಹಯಲುರೋನಿಕ್ ಆಸಿಡ್ ಹಾಸಿಗೆಯಿಂದೆದ್ದು ಓಡಾಡಿದರೆ ಏರುತ್ತದೆ, ಊಟ ಮಾಡಿದರೆ ಏರುತ್ತದೆ. ಸಿಟಿಎಕ್ಸ್-2 ಬೆಳಿಗ್ಗೆ ಜಾಸ್ತಿ, ಹೊತ್ತೇರಿದಂತೆ ಕಡಿಮೆ. ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಅದು ಮೇಲಕ್ಕೆ ಹೋಗುತ್ತದೆ. ಹಯಲುರೋನಿಕ್ ಆಸಿಡನ್ನು ರಕ್ತದಿಂದ ತೆಗೆದು ಹಾಕುವುದು ಲಿವರ್, ಆದ್ದರಿಂದ ಲಿವರ್ ಕೆಟ್ಟವರಲ್ಲಿ ಅದು ಸಿಕ್ಕಾಪಟ್ಟೆ ಏರುತ್ತದೆ. ಎಷ್ಟರ ಮಟ್ಟಿಗೆ ಅಂದರೆ ಲಿವರ್ ಗಟ್ಟಿಯಾಗುವುದನ್ನು ಅಳೆಯಲೂ ಇದನ್ನು ಬಳಸುತ್ತಾರೆ. ಲ್ಯಾಬಿನಲ್ಲಿ ಕೂತವನಾಗಿ ನನಗೆ ಇದು ಗೊತ್ತಿರುವ ತಲೆನೋವು. ದೊಡ್ಡಮ್ಮ ಮನೆಯಿಂದ ಬಸ್ ಸ್ಟಾಪಿಗೆ ಇಳಿದು, ಬಸ್ಸಿನಲ್ಲಿ ನಿಂತು, ಪೇಟೆಯಲ್ಲಿ ನಡೆದು ಬಂದು ಕೈ ಚಾಚಿದರೆ ಅದು ಮೊಣಕಾಲಿನ ಸಂಖ್ಯೆಯಾ, ಬಸ್ಸಿನ ಸಂಖ್ಯೆಯಾ? ಸಂಶೋಧನೆ ಮಾಡುವವರು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಸ್ವಲ್ಪ ಹೊತ್ತು ಸುಮ್ಮನೆ ಕೂರಿಸಿ ರಕ್ತ ತೆಗೆಯಬಹುದು. ನಮ್ಮ ಕ್ಯಾಂಪುಗಳಲ್ಲಿ ಕ್ಯೂ ನಿಲ್ಲಿಸಿ ತೆಗೆಯುತ್ತಾರೆ.

ಹಾಗಾದರೆ ಹೊಳೆ ಬಿಟ್ಟು ತೋಟಕ್ಕೇ ಹೋಗೋಣ, ಗಂಟಿನ ನೀರನ್ನೇ ನೋಡೋಣ ಅನ್ನಬಹುದು. ಈ ಕಡೆಯ ಗುಡ್ಡಗಳಲ್ಲಿ ನೀರಿಗಾಗಿ ಅಡ್ಡಕ್ಕೆ ಸುರಂಗ ಕೊರೆದವರಿಗೆ ಗೊತ್ತು, ಒಂದು ಸುರಂಗದ ನೀರು ಆ ಗುಡ್ಡದ್ದೇ. ಗಂಟಿನ ನೀರೂ ಆ ಗಂಟಿನದೇ. ರಕ್ತಕ್ಕಿಂತ ಹಲವು ಪಟ್ಟು ಜಾಸ್ತಿ ಚೂರುಗಳು ಅಲ್ಲಿ ಸಿಗುತ್ತವೆ.

ದೊಡ್ಡಮ್ಮನ ಗಂಟಿನಲ್ಲಿ ಆ ದಿನ ನೀರು ತುಂಬಿತ್ತು. ಡಾಕ್ಟರರು ತೆಗೆಯುತ್ತೇನೆ ಅಂದರು, ನಾನು ಪಕ್ಕದಲ್ಲೇ ನಿಂತಿದ್ದೆ. ಮಂಡಿಚಿಪ್ಪಿನ ಬದಿಯಿಂದ ಸೂಜಿ ಹಾಕಿ ಎಳೆದಾಗ ಸಿರಿಂಜಿಗೆ ತೆಳು ಹಳದಿ ನೀರು ಬಂತು, ಇಪ್ಪತ್ತು ಎಂಎಲ್ ಇರಬಹುದು. ಸರಿಯಾಗಿರುವ ಮೊಣಕಾಲಿನಲ್ಲಿ ನಾಲ್ಕು ಎಂಎಲ್ ಕೂಡ ಇರುವುದಿಲ್ಲ. ಟ್ಯೂಬಿಗೆ ಹಾಕಿ ಮೇಜಿನ ಮೇಲಿದ್ದ ಪೇಪರಿನ ಎದುರು ಹಿಡಿದರು. ಟ್ಯೂಬಿನ ಆಚೆ ಅಕ್ಷರ ಸ್ಪಷ್ಟವಾಗಿ ಓದಲು ಬರುತ್ತಿತ್ತು, ಯಾರದೋ ವಾರ್ಷಿಕ ಶ್ರಾದ್ಧದ ಜಾಹೀರಾತು. "ಓದಲು ಬಂದರೆ ಒಳ್ಳೆಯದು" ಅಂದರು. ಅಕ್ಷರ ಕಾಣದಷ್ಟು ಕದಡಿದ್ದರೆ ಉರಿಯೂತ ಜೋರಾಗಿದೆ ಅಥವಾ ಸೋಂಕು ಅಂತ ಯೋಚಿಸಬೇಕು. ಆಮೇಲೆ ಸಿರಿಂಜಿನ ತುದಿಯಿಂದ ಒಂದು ಹನಿ ಬೀಳಿಸಿದರು. ಅದು ಹನಿಯಾಗಿ ಬೀಳಲಿಲ್ಲ, ದಾಸವಾಳದ ಎಲೆ ಹಿಸುಕಿದಾಗ ಬರುವ ಲೋಳೆಯ ಹಾಗೆ ಎಳೆಯಾಗಿ ಇಳಿದು, ಬೆರಳುದ್ದಕ್ಕೆ ಬಂದು ಕಡಿಯಿತು. ರುಮಟಾಯ್ಡ್ ಇದ್ದರೆ ನೀರಿನ ಹಾಗೆ ತೊಟ್ಟಿಕ್ಕುತ್ತದೆ. ನಮ್ಮ ಲ್ಯಾಬಿಗೆ ತಂದು ಎಣಿಸಿದಾಗ ಬಿಳಿ ರಕ್ತಕಣ 600. ಸವೆತದಲ್ಲಿ 2,000ದ ಒಳಗೆ ಇರುತ್ತದೆ, ಕೀವಾಗುವ ಸೋಂಕಿನಲ್ಲಿ ಹಲವು ಸಲ 50,000 ದಾಟುತ್ತದೆ. ಸೂಕ್ಷ್ಮದರ್ಶಕದಲ್ಲಿ ಗೌಟಿನ ಸೂಜಿ ಹರಳುಗಳೂ ಇರಲಿಲ್ಲ. ಬೆರಳುದ್ದದ ಒಂದು ಎಳೆ, ಒಂದು ಪೇಪರಿನ ತುಂಡು, ಒಂದು ಎಣಿಕೆ. ಇವಿಷ್ಟೂ ಪ್ಯಾಕೇಜಿಗಿಂತ ಕಡಿಮೆ ಖರ್ಚಿನಲ್ಲಿ ಆಯಿತು.

"ಗ್ರೀಸ್ ಖಾಲಿ ಆಗಿದೆ ಅಂತ ಎಲ್ಲರೂ ಹೇಳ್ತಾರೆ, ಇಷ್ಟು ನೀರು ಎಲ್ಲಿಂದ ಬಂತು?" ದೊಡ್ಡಮ್ಮ ಕೇಳಿದ್ದು ನ್ಯಾಯವಾದ ಪ್ರಶ್ನೆಯೇ. ಗ್ರೀಸ್ ಖಾಲಿ ಆಗುವುದಿಲ್ಲ. ಪೊರೆ ಉರಿದಾಗ ನೀರು ಜಾಸ್ತಿಯೇ ಆಗುತ್ತದೆ, ಆದರೆ ತೆಳ್ಳಗಾಗುತ್ತದೆ, ಅದರೊಳಗಿನ ಹಯಲುರೋನಿಕ್ ಆಸಿಡಿನ ಉದ್ದ ಸರಪಳಿಗಳು ಗಿಡ್ಡವಾಗುತ್ತವೆ. ಗ್ರೀಸ್ ಇಂಜೆಕ್ಷನ್ ಅಂತ ಸಾವಿರಗಟ್ಟಲೆ ತೆಗೆದುಕೊಂಡು ಹಾಕುವುದು ಈ ಹಯಲುರೋನಿಕ್ ಆಸಿಡನ್ನೇ. ನಾನು ಮೇಲೆ ಹೇಳಿದ ನೈಸ್ ಮಾರ್ಗಸೂಚಿ ಅದನ್ನು ಕೊಡಬೇಡಿ ಅಂತಲೇ ಬರೆದಿದೆ. ಹಾಕಿಸಿಕೊಂಡು ಆರಾಮ ಆಯಿತು ಅನ್ನುವವರು ಊರಿಗಿಬ್ಬರು ಸಿಗುತ್ತಾರೆ, ಅವರ ಹತ್ತಿರ ಜಗಳಕ್ಕೆ ನಾನು ಹೋಗುವುದಿಲ್ಲ.

ಆದರೆ ಬಯೋಮಾರ್ಕರ್ ಹುಡುಕುವವರಿಗೆ ಗಂಟಿನ ನೀರು ಕೈಗೆ ಬಂದ ತುತ್ತಲ್ಲ. ಕಾಯಿಲೆ ಶುರುವಾಗುವ ಮೊದಲು ಹಿಡಿಯಬೇಕು ಅನ್ನುವುದು ಆಸೆ, ಆ ಹೊತ್ತಿಗೆ ಗಂಟಿನಲ್ಲಿ ನೀರೇ ಇರುವುದಿಲ್ಲ, ನಾಲ್ಕು ಹನಿ. ನೋವಿಲ್ಲದ ಮೊಣಕಾಲಿಗೆ ಸೂಜಿ ಹಾಕಿಸಿಕೊಳ್ಳಲು ಯಾರು ಬರುತ್ತಾರೆ? ಉಪ್ಪುನೀರು ಹಾಕಿ ತೊಳೆದು ತೆಗೆದರೆ ಎಷ್ಟು ತೆಳುವಾಯಿತು ಅಂತ ಬೇರೆ ಲೆಕ್ಕ ಹಾಕಬೇಕು. ನೀರು ತುಂಬಿದ ಗಂಟಿನಲ್ಲೂ ಅದೇ ಗೊಂದಲ, ಚೂರು ಅಷ್ಟೇ ಇದ್ದು ನೀರು ಜಾಸ್ತಿಯಾದರೆ ಸಂಖ್ಯೆ ಇಳಿದು ಕಾಣುತ್ತದೆ. ಒಟ್ಟಿನಲ್ಲಿ ರಕ್ತ ಸುಲಭವಾಗಿ ಸಿಗುತ್ತದೆ, ಆದರೆ ಊರೆಲ್ಲದರ ಸುದ್ದಿ ಹೇಳುತ್ತದೆ. ಗಂಟಿನ ನೀರು ಮನೆಯ ಸುದ್ದಿಯನ್ನೇ ಹೇಳುತ್ತದೆ, ಆದರೆ ಬೇಕಾದಾಗ ಸಿಗುವುದಿಲ್ಲ.

ಇಷ್ಟೆಲ್ಲ ಇದ್ದರೂ ಕೆಲಸ ನಿಂತಿಲ್ಲ. ಅಮೆರಿಕದಲ್ಲಿ 2004ರಿಂದ ನಾಲ್ಕು ಕೇಂದ್ರಗಳಲ್ಲಿ 4,796 ಜನರನ್ನು ಸೇರಿಸಿಕೊಂಡು ವರ್ಷಗಟ್ಟಲೆ ಅವರ ಮೊಣಕಾಲು, ರಕ್ತ, ಮೂತ್ರ ಎಲ್ಲ ನೋಡುತ್ತಾ ಬಂದರು. ಅದರಲ್ಲಿ 600 ಜನರ ಮಾದರಿಯಲ್ಲಿ 18 ಬಗೆಯ ಗುರುತುಗಳನ್ನು ಅಳೆದ ಫಲಿತಾಂಶ 2017ರ ಹೊತ್ತಿಗೆ ಬಂತು. ಯಾರ ಮೊಣಕಾಲು ಬೇಗ ಕೆಡುತ್ತದೆ ಅಂತ ಮೊದಲೇ ಹೇಳಬಹುದಾ ಅನ್ನುವುದು ಪ್ರಶ್ನೆ. ಮೂತ್ರದ ಸಿಟಿಎಕ್ಸ್-2, ರಕ್ತದ ಹಯಲುರೋನಿಕ್ ಆಸಿಡ್ ಇಂಥ ಕೆಲವಕ್ಕೆ ಸ್ವಲ್ಪ ಮಟ್ಟಿಗೆ ಆ ಶಕ್ತಿ ಇತ್ತು. ಒಂದು ಸಲ ಅಳೆದದ್ದಕ್ಕಿಂತ ಎರಡು ವರ್ಷ ಮತ್ತೆ ಮತ್ತೆ ಅಳೆದದ್ದು ವಾಸಿ ಅಂತಲೂ ಕಂಡಿತು. ಗುಂಪಿನ ಮಟ್ಟದಲ್ಲಿ ಇದು ನಿಜವಾದ ಸುದ್ದಿ. ಆದರೆ ಎದುರಿಗೆ ಕೂತ ಒಬ್ಬ ದೊಡ್ಡಮ್ಮನಿಗೆ "ನಿಮ್ಮದು ಕೆಡುತ್ತದೆ" ಅಂತ ಹೇಳಲು ಸಾಲುವುದಿಲ್ಲ.

2024ರ ಏಪ್ರಿಲಿನಲ್ಲಿ ಬಂದದ್ದು ಜಾಸ್ತಿ ಸದ್ದು ಮಾಡಿತು. ಡ್ಯೂಕ್ ವಿಶ್ವವಿದ್ಯಾಲಯದ ವರ್ಜೀನಿಯಾ ಕ್ರೌಸ್ ಅವರ ತಂಡ ಲಂಡನ್ನಿನ ಚಿಂಗ್‌ಫರ್ಡ್‌ನ 200 ಹೆಂಗಸರ ಹಳೆಯ ರಕ್ತ ಪರೀಕ್ಷಿಸಿತು. ಅರ್ಧ ಜನರಿಗೆ ಆಮೇಲೆ ಸವೆತ ಬಂದಿತ್ತು, ಅರ್ಧ ಜನರಿಗೆ ಬಂದಿರಲಿಲ್ಲ, ವಯಸ್ಸು ಮತ್ತು ತೂಕ ಸರಿಹೊಂದುವ ಹಾಗೆ ಆರಿಸಿದ್ದರು. ಎಕ್ಸ್‌ರೇಯಲ್ಲಿ ಕಾಣಿಸುವುದಕ್ಕೆ ಎಂಟು ವರ್ಷ ಮೊದಲೇ ಆರು ಪ್ರೋಟೀನು ಚೂರುಗಳು ಸುಳಿವು ಕೊಟ್ಟಿದ್ದವು. 77 ಶೇಕಡಾ ಅನ್ನುವ ಸಂಖ್ಯೆ ಪೇಪರುಗಳಲ್ಲಿ ಓಡಾಡಿತು. ಅದನ್ನು ನೂರರಲ್ಲಿ 77 ಜನರಿಗೆ ಸರಿಯಾಗಿ ಹೇಳಿತು ಅಂತ ಓದಬೇಡಿ. ಮುಂದೆ ಕಾಯಿಲೆ ಬರುವ ಒಬ್ಬರನ್ನೂ ಬಾರದ ಒಬ್ಬರನ್ನೂ ಜೋಡಿ ಮಾಡಿ ನಿಲ್ಲಿಸಿದರೆ, ಇಬ್ಬರಲ್ಲಿ ಯಾರಿಗೆ ಅಪಾಯ ಜಾಸ್ತಿ ಅನ್ನುವುದನ್ನು ನೂರು ಜೋಡಿಯಲ್ಲಿ 77 ಸಲ ಸರಿ ಹೇಳುತ್ತದೆ ಅಂತ ಅರ್ಥ. ಕಣ್ಣು ಮುಚ್ಚಿ ಹೇಳಿದರೂ 50 ಸಲ ಸರಿಯಾಗುತ್ತದೆ. ನನಗೆ ಈ ಕೆಲಸ ನಿಜಕ್ಕೂ ಇಷ್ಟವಾಯಿತು, ಆದರೆ 200 ಜನ, ಎಲ್ಲರೂ ಹೆಂಗಸರು, ಎಲ್ಲರೂ ಬಿಳಿಯರು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಬೀಡಿ ಕಟ್ಟುವವರು, ಕುಕ್ಕರುಗಾಲಲ್ಲಿ ಕೆಂಪುಕಲ್ಲು ಕೆತ್ತುವವರು ಅದರಲ್ಲಿ ಯಾರೂ ಇರಲಾರರು. ನಮ್ಮ ಮೊಣಕಾಲು ಬಗ್ಗುವಷ್ಟು ಅವರದು ಬಗ್ಗುವುದಿಲ್ಲ, ನಮ್ಮ ಸವೆತವೂ ಅದೇ ದಾರಿಯಲ್ಲಿ ಹೋಗುತ್ತದೆ ಅಂತ ಸುಮ್ನೆ ಒಪ್ಪಿಕೊಳ್ಳುವುದು ಹೇಗೆ?

ಗುರುತು ಹುಡುಕುವುದರಿಂದ ನಿಜವಾದ ಲಾಭ ಆಗಬೇಕಾದದ್ದು ಔಷಧಿ ಕಂಡುಹಿಡಿಯುವವರಿಗೆ. ಸವೆತವನ್ನು ನಿಲ್ಲಿಸುವ ಔಷಧಿ ಇನ್ನೂ ಇಲ್ಲ, ಇರುವುದೆಲ್ಲ ನೋವಿಗೆ. ಕಾರಣ ಒಂದು, ಎಕ್ಸ್‌ರೇಯಲ್ಲಿ ವ್ಯತ್ಯಾಸ ಕಾಣಲು ವರ್ಷಗಳು ಬೇಕು, ಅಲ್ಲಿಯವರೆಗೆ ಕಂಪನಿಗಳಿಗೆ ತಾಳ್ಮೆಯೂ ದುಡ್ಡೂ ಸಾಲುವುದಿಲ್ಲ. ಮೂರು ತಿಂಗಳಲ್ಲಿ ರಕ್ತ ನೋಡಿ "ಔಷಧಿ ಹತ್ತುತ್ತಿದೆ" ಅನ್ನಲು ಬಂದರೆ ಎಷ್ಟು ಸುಲಭ! ಹಾಗಂದುಕೊಂಡೇ ಬೆಲ್ಜಿಯಂ ಮತ್ತು ಫ್ರಾನ್ಸಿನ ಎರಡು ಕಂಪನಿಗಳು ಅಗ್ರಿಕ್ಯಾನ್ ಕತ್ತರಿಸುವ ಎಂಜೈಮನ್ನು ಕಟ್ಟಿಹಾಕುವ ಒಂದು ಗುಳಿಗೆ ಮಾಡಿದವು. ಮೊದಲ ಹಂತದಲ್ಲಿ ರಕ್ತದ ಎಆರ್‌ಜಿಎಸ್ ಚೂರು ಅರ್ಧದಷ್ಟಕ್ಕೆ ಇಳಿಯಿತು, ಗುರಿಗೆ ಬಾಣ ತಾಗಿದ ಹಾಗೆಯೇ. ಆಮೇಲೆ 932 ಜನರಿಗೆ ಒಂದು ವರ್ಷ ಕೊಟ್ಟು ಎಂಆರ್‌ಐ ಮಾಡಿ ನೋಡಿದರೆ ಕಾರ್ಟಿಲೇಜಿನ ದಪ್ಪದಲ್ಲಿ ಔಷಧಿಯೇ ಇಲ್ಲದ ಸುಳ್ಳು ಗುಳಿಗೆ ತಿಂದವರಿಗೂ ಇವರಿಗೂ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. 2020ರಲ್ಲಿ ಅಲ್ಲಿಗೇ ಮುಗಿಯಿತು. ಗುರುತು ಅಲುಗಿತು, ಮೊಣಕಾಲು ಅಲುಗಲಿಲ್ಲ.

ಇದರ ತಿರುಗುಮುರುಗು ಕತೆಯೂ ಇದೆ. ಸ್ಪ್ರೈಫರ್ಮಿನ್ ಅನ್ನುವ ಇಂಜೆಕ್ಷನ್ನಿನ ಫಲಿತಾಂಶ 2019ರಲ್ಲಿ ಬಂತು, ಎರಡು ವರ್ಷದಲ್ಲಿ ಕಾರ್ಟಿಲೇಜ್ ಚೂರು ದಪ್ಪವಾಗಿತ್ತು, ವ್ಯತ್ಯಾಸ 0.05 ಮಿಲಿಮೀಟರ್. ನೋವಿನಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಅಮೆರಿಕದ ಔಷಧಿ ನಿಯಂತ್ರಕರು 2018ರಲ್ಲೇ ಇದನ್ನು ಹೇಳಿದ್ದರು, ಒಳಗಿನ ರಚನೆ ಸುಧಾರಿಸಿತು ಅಂದರೆ ಸಾಲದು, ರೋಗಿಗೆ ಅದರಿಂದ ಏನು ಸಿಕ್ಕಿತು ತೋರಿಸಿ ಅಂತ. ಇದು ಬಿಗಿಯಾದ ಷರತ್ತು ಅಂತ ಕೆಲವರು ಗೊಣಗುತ್ತಾರೆ. ನನಗಂತೂ ಸರಿ ಕಾಣುತ್ತದೆ. ದೊಡ್ಡಮ್ಮನಿಗೆ ಬೇಕಾದದ್ದು ತೋಟಕ್ಕೆ ಇಳಿಯುವುದು, ಸಂಖ್ಯೆ ಇಳಿಯುವುದಲ್ಲ.

ಬಹುಶಃ ನಾವು ಸವೆತ ಅನ್ನುವುದು ಒಂದೇ ಕಾಯಿಲೆ ಅಲ್ಲ ಅನ್ನುವುದೇ ಇದರ ಒಳಗುಟ್ಟು. ಒಬ್ಬರದು ತೂಕದಿಂದ ಬಂದದ್ದು, ಒಬ್ಬರದು ಹಿಂದೆ ಬಿದ್ದು ಲಿಗಮೆಂಟ್ ಹರಿದುಕೊಂಡದ್ದರಿಂದ, ಒಬ್ಬರದು ಪೊರೆಯ ಉರಿ, ಒಬ್ಬರದು ಎಲುಬಿನದು. ಎಲ್ಲರನ್ನೂ ಒಂದೇ ಬುಟ್ಟಿಗೆ ಹಾಕಿ ಒಂದೇ ಗುಳಿಗೆ ಕೊಟ್ಟರೆ ಸರಾಸರಿಯಲ್ಲಿ ಏನೂ ಕಾಣುವುದಿಲ್ಲ. ಬಯೋಮಾರ್ಕರ್ ಮೊದಲು ಗೆಲ್ಲುವುದಾದರೆ ಈ ಬುಟ್ಟಿ ಬೇರೆ ಮಾಡುವ ಕೆಲಸದಲ್ಲೇ ಅಂತ ನನ್ನ ಅಂದಾಜು, ಅಡಿಕೆಯಲ್ಲಿ ಚಾಲಿ, ಪಟೋರ, ಉಳ್ಳಿ ಅಂತ ಹೆಕ್ಕಿ ಬೇರೆ ಮಾಡುತ್ತೇವಲ್ಲ, ಹಾಗೆ.

ಅಲ್ಲಿಯವರೆಗೆ ಮೊಣಕಾಲಿಗೆ ಸಿಗುವ ಉಪಾಯಗಳು ಹಳೆಯವೇ. ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ, ತೂಕ ಇಳಿಸುವುದು. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮೊಣಕಾಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ ಅಂತ 2005ರಲ್ಲಿ ಅಳೆದು ತೋರಿಸಿದ್ದಾರೆ. ತೂಕ ಇಳಿಸುವ ಸೆಮಾಗ್ಲುಟೈಡ್ ಇಂಜೆಕ್ಷನ್ನನ್ನು ತುಂಬ ದಪ್ಪ ಇದ್ದ 407 ಸವೆತದ ರೋಗಿಗಳಿಗೆ 68 ವಾರ ಕೊಟ್ಟು ನೋಡಿದ ಫಲಿತಾಂಶ 2024ರಲ್ಲಿ ಬಂತು, ನೋವು ಚೆನ್ನಾಗಿಯೇ ಇಳಿದಿತ್ತು. ಯಾವ ಬಯೋಮಾರ್ಕರನ್ನೂ ಕೇಳದೆ ಸಿಕ್ಕಿದ ಫಲಿತಾಂಶ ಅದು. ಎಲ್ಲಕ್ಕೂ ಮೀರಿದರೆ ಗಂಟು ಬದಲಿಸುವ ಆಪರೇಷನ್. ಮಾಮೂಲಿ ಇಂಪ್ಲಾಂಟಿಗೆ ಸರ್ಕಾರ 2017ರ ಆಗಸ್ಟಿನಲ್ಲಿ 54,720 ರೂಪಾಯಿ ಅಂತ ಮಿತಿ ಹಾಕಿತು, ಅದಕ್ಕೆ ಮೊದಲು ಇದಕ್ಕಿಂತ ತುಂಬ ಜಾಸ್ತಿ ವಸೂಲಾಗುತ್ತಿತ್ತು.

ಒಂದನ್ನು ಮಾತ್ರ ಒತ್ತಿ ಹೇಳಬೇಕು. ಗಂಟು ಏಕಾಏಕಿ ಕೆಂಪಾಗಿ, ಬಿಸಿಯಾಗಿ ಊದಿಕೊಂಡು ಜ್ವರವೂ ಇದ್ದರೆ ಸವೆತ ಅಂತ ಎಣ್ಣೆ ತಿಕ್ಕಿ ಕೂರಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ. ಆವಾಗ ಗಂಟಿನ ನೀರಿನ ಪರೀಕ್ಷೆ ಕಾಲು ಉಳಿಸುತ್ತದೆ, ಕೆಲವೊಮ್ಮೆ ಜೀವ.

ದೊಡ್ಡಮ್ಮ ಈ ಸಲ ಮಣೆ ಬಿಟ್ಟು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಅಡಿಕೆ ಸುಲಿದರು. ಮೊದಲು ಎರಡು ದಿನ "ಇದೆಂತ ಆಫೀಸಿನವರ ಹಾಗೆ" ಅಂತ ಬೈದುಕೊಂಡರಂತೆ. ದಿನಕ್ಕೆ ಎರಡು ಹೊತ್ತು ಕುರ್ಚಿಯಲ್ಲಿ ಕೂತು ಕಾಲು ನೀಡಿ ಹತ್ತು ಎಣಿಸುತ್ತಾರೆ. ನೋವು ಹೋಗಿಲ್ಲ, ಕಡಿಮೆಯಾಗಿದೆ. ನೀರು ಮತ್ತೆ ತುಂಬಿಲ್ಲ.

ಮೊನ್ನೆ ಹೋದಾಗ ಚಿಂಗ್‌ಫರ್ಡ್ ಕತೆ ಹೇಳಿದೆ. 1989ರಲ್ಲಿ ಶುರುವಾದ ಅಧ್ಯಯನ, ಸಾವಿರ ಹೆಂಗಸರು ಸೇರಿಕೊಂಡರು, ಅವರ ರಕ್ತವನ್ನು ಫ್ರೀಜರಿನಲ್ಲಿ ಜೋಪಾನವಾಗಿಟ್ಟರು, ಅದರಿಂದಲೇ ಇಷ್ಟು ವರ್ಷದ ಮೇಲೆ ಈ ಆರು ಚೂರು ಸಿಕ್ಕವು ಅಂತ. ನಮ್ಮ ಕಡೆಯ ಅಡಿಕೆ ಸುಲಿಯುವ, ಬೀಡಿ ಕಟ್ಟುವ ಹೆಂಗಸರ ರಕ್ತವನ್ನೂ ಹೀಗೆ ತೆಗೆದಿಟ್ಟು ಹತ್ತಿಪ್ಪತ್ತು ವರ್ಷ ಕಾದರೆ ಎಷ್ಟು ವಿಷಯ ಗೊತ್ತಾಗಬಹುದು ಅಂದೆ. ದೊಡ್ಡಮ್ಮ ಕತ್ತಿಯಿಂದ ಕಣ್ಣು ತೆಗೆಯದೆ ಕೇಳಿದರು.

"ನನ್ನದೂ ತೆಗೆದುಕೊಳ್ಳಲಿ ಮಾರಾಯ, ಎಂತ ಕಷ್ಟ? ಪುನಃ 1,800 ರೂಪಾಯಿ ಕೇಳದಿದ್ದರೆ ಆಯಿತು."